ದೊಡ್ಡ ವೈಜ್ಞಾನಿಕ ತಂತ್ರಾಂಶಗಳ ಸಿಐ ವೇಗವಾಗಬೇಕಾದರೆ ಮೊದಲು ಪರೀಕ್ಷೆ ಚಿಕ್ಕದಾಗಬೇಕು

ದೊಡ್ಡ ವೈಜ್ಞಾನಿಕ ತಂತ್ರಾಂಶ ಯೋಜನೆಗಳಲ್ಲಿ ಸಿಐ, ಎಂದರೆ ಪ್ರತಿಯೊಂದು ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ (ಮೂಲ ಕೋಡಿನಿಂದ ಓಡಬಲ್ಲ ತಂತ್ರಾಂಶವನ್ನು ಕಟ್ಟಿ) ಪರೀಕ್ಷಿಸುವ ನಿರಂತರ ಏಕೀಕರಣದ ವ್ಯವಸ್ಥೆ, ನಿಧಾನವಾದಾಗ ಅದರ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ. ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಓದುವ ವಿದ್ಯಾರ್ಥಿಗೆ ಮುಕ್ತ ತಂತ್ರಾಂಶದ ಕೆಲಸಕ್ಕೆ ಸಿಗುವುದು ಹೆಚ್ಚಾಗಿ ಸಂಜೆಯ ಹೊತ್ತು. ಯೋಜನೆಯ ನಿರ್ವಾಹಕರು ಷಿಕಾಗೋದಲ್ಲಿದ್ದಾರೆ ಎಂದುಕೊಳ್ಳೋಣ. ಇಲ್ಲಿ ಸಂಜೆ ಆರು ಗಂಟೆಯಾದಾಗ ಅಲ್ಲಿ, ಬೇಸಗೆಯ ಗಡಿಯಾರದ ಪ್ರಕಾರ, ಬೆಳಗಿನ ಏಳೂವರೆ. ಸಿಐ 40 ನಿಮಿಷಗಳಲ್ಲಿ ಉತ್ತರ ಕೊಟ್ಟರೆ ವಿದ್ಯಾರ್ಥಿ ಊಟದ ಹೊತ್ತಿಗೆ ತಪ್ಪನ್ನು ತಿದ್ದಿ ಮತ್ತೊಂದು ಸುತ್ತು ಮುಗಿಸಿರುತ್ತಾನೆ, ಆ ಕಡೆಯ ನಿರ್ವಾಹಕರು ಕಚೇರಿಗೆ ಬಂದು ಕುಳಿತಾಗ ಅವರ ಮುಂದೆ ಪರೀಕ್ಷೆಗಳೆಲ್ಲ ಪಾಸಾದ ಹಸಿರು ಗುರುತಿನ ಪುಲ್ ರಿಕ್ವೆಸ್ಟ್, ಎಂದರೆ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ, ಇರುತ್ತದೆ. ಅದೇ ಸಿಐ ನಾಲ್ಕು ಗಂಟೆ ತೆಗೆದುಕೊಂಡರೆ ಮೊದಲ ಉತ್ತರ ರಾತ್ರಿ ಹತ್ತಕ್ಕೆ, ಎರಡನೆಯದು ನಡುರಾತ್ರಿ ಎರಡಕ್ಕೆ. ಇಂಥ ಯೋಜನೆಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಹೊಸ ಕೊಡುಗೆದಾರರ ಪುಲ್ ರಿಕ್ವೆಸ್ಟ್‌ಗೆ ಸಿಐ ಓಡಲು ನಿರ್ವಾಹಕರ ಒಪ್ಪಿಗೆಯೂ ಬೇಕಾಗುವುದರಿಂದ, ಮೊದಲ ಸಲ ಕೋಡ್ ಕಳುಹಿಸುವವರಿಗೆ ಈ ಕಾಯುವಿಕೆ ಇನ್ನೂ ಉದ್ದವಾಗುತ್ತದೆ. ಹೀಗಾಗಿ ಸಿಐಯನ್ನು ಚುರುಕಾಗಿಸುವುದು ಬರಿಯ ಯಂತ್ರದ ಖರ್ಚಿನ ವಿಷಯವಲ್ಲ, ಯಾರು ಈ ಕೆಲಸದಲ್ಲಿ ಉಳಿಯುತ್ತಾರೆ ಎಂಬುದನ್ನೂ ಅದು ತೀರ್ಮಾನಿಸುತ್ತದೆ ಎಂದು ನಾನು ನಂಬಿದ್ದೇನೆ.

ನಾನು ಉಡುಪಿಯಲ್ಲಿ ಕುಳಿತು ಕೆಲಸ ಮಾಡುವುದು ಕರಾವಳಿಯ ನೀರಿನ ಚಲನೆಯನ್ನು ಲೆಕ್ಕ ಹಾಕುವ ತಂತ್ರಾಂಶದ ಮೇಲೆ. ಅದರ ತಿರುಳು ಫೋರ್ಟ್ರಾನ್‌ನಲ್ಲಿದೆ, ಸುತ್ತಲಿನ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿದೆ, ಬಳಸುವವರು ಮುಟ್ಟುವುದು ಪೈಥಾನ್ ಪದರವನ್ನು. ಈ ಬಗೆಯ ರಚನೆ ವಿಜ್ಞಾನದ ತಂತ್ರಾಂಶಗಳಲ್ಲಿ ಬಹಳ ಸಾಮಾನ್ಯ. ಪೈಥಾನ್‌ನ ವೈಜ್ಞಾನಿಕ ಲೆಕ್ಕಗಳ ಲೈಬ್ರರಿಯಾದ ಸೈಪೈಯಲ್ಲೂ ಸಿ, ಸಿ ಪ್ಲಸ್ ಪ್ಲಸ್, ಫೋರ್ಟ್ರಾನ್, ಸೈಥಾನ್ ಎಲ್ಲ ಒಟ್ಟಿಗೆ ಬೆಳೆದು ಬಂದಿವೆ. ಒಂದು ಸಾಮಾನ್ಯ ಜಾಲತಾಣದ ಕೋಡಿಗೆ ಹೋಲಿಸಿದರೆ ಇಲ್ಲಿ ಕಂಪೈಲ್ ಆಗಲು (ಯಂತ್ರದ ಭಾಷೆಗೆ ಬದಲಾಗಲು) ಹೆಚ್ಚು ಹೊತ್ತು ಬೇಕು, ಪ್ರಕ್ರಿಯೆಗಳು ಪರಸ್ಪರ ಸಂದೇಶ ಕಳುಹಿಸಿಕೊಳ್ಳುವ ಎಂಪಿಐ ವ್ಯವಸ್ಥೆ ಬಳಸಿ ಹಲವು ಪ್ರಕ್ರಿಯೆಗಳಲ್ಲಿ ಓಡಿಸಿ ನೋಡಬೇಕು, ಸರಿಯಾದ ಉತ್ತರವೂ ಕೊನೆಯ ಅಂಕಿಯವರೆಗೆ ಒಂದೇ ಆಗಿರುವುದಿಲ್ಲ. ಸಿಐ ನಿಧಾನವಾಯಿತೆಂದು ಯಾರಾದರೂ ಹೇಳಿದ ಕೂಡಲೇ ಹೆಚ್ಚು ಕೋರ್‌ಗಳ ಯಂತ್ರ ಬೇಕು ಎಂಬ ಮಾತು ಬರುತ್ತದೆ. ಕೆಲವೊಮ್ಮೆ ಅದು ನಿಜವೇ. ಆದರೆ ಹೆಚ್ಚಿನ ಯೋಜನೆಗಳಲ್ಲಿ ಅತಿ ದೊಡ್ಡ ಉಳಿತಾಯ ಇರುವುದು ಪರೀಕ್ಷೆಗಳ ಒಳಗೇ, ಒಂದೊಂದು ಪರೀಕ್ಷೆಯೂ ಗಣಿತದ ಅಥವಾ ಭೌತಶಾಸ್ತ್ರದ ಯಾವ ಮಾತನ್ನು ಕಾಯುತ್ತಿದೆ ಎಂದು ಕೇಳಿಕೊಳ್ಳುವುದರಲ್ಲಿ.

ಕೇಳುವ ಮೊದಲು ಅಳೆಯಬೇಕು. ಒಂದು ಜಾಬ್‌ನ, ಎಂದರೆ ಸಿಐಯ ಒಂದು ಓಟದ, ಹೊತ್ತನ್ನು ಅವಲಂಬನೆಗಳನ್ನು (ನಮ್ಮ ಕೋಡಿಗೆ ಬೇಕಾದ ಬೇರೆ ಲೈಬ್ರರಿಗಳನ್ನು) ತರುವುದು, ಕಂಪೈಲ್ ಮಾಡುವುದು, ಪರೀಕ್ಷಿಸುವುದು ಎಂದು ಮೂರು ಪಾಲು ಮಾಡಿ ನೋಡಿದರೆ ಯಾವುದು ಭಾರ ಎಂಬುದು ಕಾಣುತ್ತದೆ. ಪೈಥಾನ್ ಪರೀಕ್ಷೆಗಳನ್ನು ಓಡಿಸುವ ಪೈಟೆಸ್ಟ್‌ನ ಡ್ಯೂರೇಶನ್ಸ್ ಆಯ್ಕೆ ಅತಿ ನಿಧಾನದ ಪರೀಕ್ಷೆಗಳ ಪಟ್ಟಿಯನ್ನು ಕೊಡುತ್ತದೆ, ಬಿಲ್ಡ್ ನಡೆಸುವ ಉಪಕರಣವಾದ ನಿಂಜಾ ತನ್ನ ಲಾಗ್‌ನಲ್ಲಿ ಪ್ರತಿ ಕಡತದ ಕಂಪೈಲ್ ಆರಂಭ ಮತ್ತು ಅಂತ್ಯದ ಹೊತ್ತನ್ನು ಬರೆದಿಡುತ್ತದೆ. ಈ ಎರಡನ್ನು ಓದುವುದಕ್ಕೆ ಅರ್ಧ ದಿನ ಸಾಕು.

ಪರೀಕ್ಷೆಯ ಗಾತ್ರದ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಂಶೋಧಕರು ತಮ್ಮ ಸಂಶೋಧನೆಗೆ ಓಡಿಸಿದ ಮಾದರಿಯನ್ನೇ ಕೊಂಚ ಕಿರಿದುಗೊಳಿಸಿ ಪರೀಕ್ಷೆಯಾಗಿ ಸೇರಿಸುವುದು ರೂಢಿ. ನಮ್ಮ ಕಡೆಯದ್ದೇ ಉದಾಹರಣೆ ಹೇಳುವುದಾದರೆ, ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಬಾಗಿಲಿನ ನಕ್ಷೆ, ಆಳದ ಮಾಪನ, ಉಬ್ಬರವಿಳಿತದ ದತ್ತಾಂಶ ಎಲ್ಲವನ್ನೂ ಹೊತ್ತ ಒಂದು ಓಟ. ಅದು ಮುಗಿದ ಮೇಲೆ ಬಂದ ಫಲಿತಾಂಶವನ್ನು ಹಿಂದೆ ಉಳಿಸಿಟ್ಟ ಫಲಿತಾಂಶದೊಡನೆ ಹೋಲಿಸುತ್ತಾರೆ. ಹೋಲಿಕೆ ತಪ್ಪಿದರೆ ಏನೋ ಬದಲಾಗಿದೆ ಎಂದಷ್ಟೇ ತಿಳಿಯುತ್ತದೆ, ಯಾವ ಸಮೀಕರಣದ ಯಾವ ಪದ ತಪ್ಪಿತು ಎಂಬುದು ತಿಳಿಯುವುದಿಲ್ಲ. ಉಳಿಸಿಟ್ಟ ಫಲಿತಾಂಶವೇ ಸರಿಯೆಂಬುದಕ್ಕೂ ಆಧಾರವಿರುವುದಿಲ್ಲ.

ಇದರ ಬದಲು ಉತ್ತರ ಮೊದಲೇ ಗೊತ್ತಿರುವ ಸಮಸ್ಯೆಯನ್ನು ತೆಗೆದುಕೊಳ್ಳಬಹುದು. ಎರಡು ತುದಿಯೂ ಮುಚ್ಚಿರುವ ಆಯತಾಕಾರದ ಕೊಳದಲ್ಲಿ ನೀರು ಒಮ್ಮೆ ಓಲಾಡತೊಡಗಿದರೆ ಅದರ ಓಲಾಟದ ಅವಧಿಯನ್ನು ಮೆರಿಯನ್ ಸೂತ್ರ ಹೇಳುತ್ತದೆ: ಕೊಳದ ಉದ್ದದ ಎರಡರಷ್ಟನ್ನು ಅಲೆಯ ವೇಗದಿಂದ ಭಾಗಿಸಬೇಕು, ಆ ವೇಗವೆಂದರೆ ಗುರುತ್ವ ಮತ್ತು ಆಳಗಳ ಗುಣಲಬ್ಧದ ವರ್ಗಮೂಲ. ಉದ್ದ 10 ಕಿಲೋಮೀಟರ್, ಆಳ 10 ಮೀಟರ್ ಆದರೆ ಅಲೆಯ ವೇಗ ಸೆಕೆಂಡಿಗೆ ಸುಮಾರು 9.9 ಮೀಟರ್, ಅವಧಿ ಸುಮಾರು 2,019 ಸೆಕೆಂಡ್. ಕೊಳವನ್ನು 200 ಮೀಟರಿನ 50 ತುಂಡುಗಳಾಗಿ, ಎಂದರೆ ಕೋಶಗಳಾಗಿ, ಹಂಚಿ ಲೆಕ್ಕ ಹಾಕಿದರೆ ಸ್ಥಿರತೆಯ ಮಿತಿಯೊಳಗೆ ಕಾಲದ ಹೆಜ್ಜೆ ಸುಮಾರು 20 ಸೆಕೆಂಡ್ ಇರಬಹುದು, ಒಂದು ಪೂರ್ಣ ಓಲಾಟಕ್ಕೆ ನೂರು ಹೆಜ್ಜೆಗಳ ಆಸುಪಾಸು ಸಾಕು. ಯಾವ ಲ್ಯಾಪ್‌ಟಾಪಿನಲ್ಲಾದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಲೆಕ್ಕವಿದು. ಆದರೂ ಒತ್ತಡದ ಪದದಲ್ಲಿ ಚಿಹ್ನೆ ತಪ್ಪಿದರೆ, ಗಡಿಯ ಷರತ್ತು ಸೋರಿದರೆ, ಕಾಲದ ಹೆಜ್ಜೆಯ ಕ್ರಮ ಕೆಟ್ಟರೆ ಈ ಪರೀಕ್ಷೆ ಬೀಳುತ್ತದೆ, ಬಿದ್ದಾಗ ಎಲ್ಲಿ ನೋಡಬೇಕು ಎಂಬುದನ್ನೂ ತೋರಿಸುತ್ತದೆ.

ಇಂಥ ಸೂತ್ರ ಸಿಗದ ಸಮೀಕರಣಗಳಿಗೆ ರಚಿತ ಪರಿಹಾರಗಳ ವಿಧಾನವಿದೆ. ಮೊದಲು ನಮಗೆ ಬೇಕಾದ ಉತ್ತರವನ್ನು ಬರೆದುಕೊಂಡು, ಅದು ಸಮೀಕರಣವನ್ನು ತೃಪ್ತಿಪಡಿಸಲು ಯಾವ ಹೆಚ್ಚುವರಿ ಪದ ಬೇಕೋ ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಕೋಡಿಗೆ ಕೊಡುವುದು. ಆಮೇಲೆ 16, 32, 64 ಕೋಶಗಳ ಜಾಲರಿಗಳಲ್ಲಿ ದೋಷವನ್ನು ಅಳೆದರೆ, ಎರಡನೇ ದರ್ಜೆಯ ವಿಧಾನದಲ್ಲಿ ಪ್ರತಿ ಸಲ ಕೋಶದ ಅಗಲ ಅರ್ಧವಾದಾಗ ದೋಷ ಸರಿಸುಮಾರು ಕಾಲುಭಾಗಕ್ಕೆ ಇಳಿಯಬೇಕು. ಅರ್ಧಕ್ಕಷ್ಟೇ ಇಳಿದರೆ ಎಲ್ಲೋ ಒಂದು ಕಡೆ ಮೊದಲ ದರ್ಜೆಯ ತಪ್ಪು ನುಸುಳಿದೆ ಎಂದರ್ಥ. ಉಳಿಸಿಟ್ಟ ಫಲಿತಾಂಶದೊಡನೆ ಮಾಡುವ ಹೋಲಿಕೆಗಿಂತ ಇದು ಬಹಳ ಕಟ್ಟುನಿಟ್ಟಿನ ಪರೀಕ್ಷೆ, ಖರ್ಚಿನಲ್ಲಿ ಬಹಳ ಅಗ್ಗ. ಮೂರು ಆಯಾಮಗಳ ಲೆಕ್ಕದಲ್ಲಿ ಕೋಶದ ಅಗಲವನ್ನು ಎರಡರಷ್ಟು ಮಾಡಿದರೆ ಕೋಶಗಳ ಸಂಖ್ಯೆ ಎಂಟನೇ ಒಂದಕ್ಕೆ ಇಳಿಯುತ್ತದೆ, ಕಾಲದ ಹೆಜ್ಜೆಯೂ ಎರಡರಷ್ಟಾಗಬಹುದಾದ್ದರಿಂದ ಒಟ್ಟು ಕೆಲಸ ಹದಿನಾರನೇ ಒಂದಕ್ಕೆ ಬರುತ್ತದೆ. ಯಂತ್ರವನ್ನು ಹದಿನಾರು ಪಟ್ಟು ವೇಗಗೊಳಿಸಲು ಯಾವ ಯೋಜನೆಯ ಬಳಿಯೂ ಹಣವಿಲ್ಲ, ಜಾಲರಿಯನ್ನು ಒಂದು ಮಟ್ಟ ಒರಟಾಗಿಸುವುದಕ್ಕೆ ಯಾರ ಹಣವೂ ಬೇಡ.

ಹಾಗೆಂದು ಅಳಿವೆಬಾಗಿಲಿನ ಓಟ ಬೇಡವೆಂದು ನಾನು ಹೇಳುತ್ತಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಮೀನುಗಾರರಿಗೆ ಕೊಡುವ ಅಲೆ ಮತ್ತು ಪ್ರವಾಹದ ಮುನ್ಸೂಚನೆಗಳು ಇಂಥ ಸಂಖ್ಯಾತ್ಮಕ ಮಾದರಿಗಳನ್ನೇ ಆಧರಿಸಿವೆ, ಮಲ್ಪೆಯಿಂದಲೋ ಮಂಗಳೂರಿನ ಹಳೆ ಬಂದರಿನಿಂದಲೋ ಕಡಲಿಗಿಳಿಯುವವರು ಆ ಅಂಕಿಗಳನ್ನು ನೋಡಿಯೇ ಹೊರಡುತ್ತಾರೆ. ಎಲ್ಲ ಭಾಗಗಳೂ ಕೂಡಿ ಕೆಲಸ ಮಾಡುವಾಗಷ್ಟೇ ಹೊರಬರುವ ತಪ್ಪುಗಳಿಗೆ ಪೂರ್ಣ ಓಟ ಬೇಕೇ ಬೇಕು. ಅದು ಪ್ರತಿ ಪುಲ್ ರಿಕ್ವೆಸ್ಟ್‌ಗೂ ಓಡಬೇಕಾಗಿಲ್ಲ, ರಾತ್ರಿಗೊಮ್ಮೆ ಓಡಿದರೆ ಸಾಕು ಎಂಬುದಷ್ಟೇ ನನ್ನ ವಾದ.

ಪರೀಕ್ಷೆಗಳು ಸುಳ್ಳಾಗಿ ಬೀಳುವುದು ಮತ್ತೊಂದು ದೊಡ್ಡ ಸೋರಿಕೆ. 3,000 ಪರೀಕ್ಷೆಗಳಿದ್ದು ಪ್ರತಿಯೊಂದೂ ಹತ್ತು ಸಾವಿರ ಓಟಗಳಿಗೆ ಒಮ್ಮೆ ಮಾತ್ರ ಕಾರಣವಿಲ್ಲದೆ ಬೀಳುತ್ತದೆ ಎಂದುಕೊಳ್ಳೋಣ. ಕೇಳಲು ಇದು ಅತ್ಯಲ್ಪ. ಆದರೂ ಇಡೀ ಸಮೂಹ ಒಂದು ಸಲ ಪೂರ್ತಿ ಹಸಿರಾಗುವ ಸಂಭವ ಶೇ. 74 ಮಾತ್ರ, ಅದೇ ಸಮೂಹ 12 ಜಾಬ್‌ಗಳಲ್ಲಿ ಓಡಿದರೆ ಹನ್ನೆರಡೂ ಹಸಿರಾಗುವ ಸಂಭವ ಶೇ. 3ಕ್ಕಿಂತ ಕಡಿಮೆ. ಆಗ ಎಲ್ಲರೂ ಕಣ್ಣುಮುಚ್ಚಿ ಮರು ಓಟದ ಗುಂಡಿ ಒತ್ತುವುದನ್ನು ಕಲಿಯುತ್ತಾರೆ, ನಿಜವಾದ ತಪ್ಪೂ ಆ ಗುಂಡಿಯಡಿ ಮುಚ್ಚಿಹೋಗುತ್ತದೆ.

ವೈಜ್ಞಾನಿಕ ತಂತ್ರಾಂಶದಲ್ಲಿ ಇದಕ್ಕೆ ವಿಶೇಷವಾದ ಕಾರಣವೊಂದಿದೆ. ದಶಮಾಂಶ ಸಂಖ್ಯೆಗಳ ಸಂಕಲನ ಗಣಕಯಂತ್ರದಲ್ಲಿ ಕ್ರಮವನ್ನು ಅವಲಂಬಿಸಿರುತ್ತದೆ. ಹತ್ತರ 16ನೇ ಘಾತಕ್ಕೆ ಒಂದನ್ನು ಕೂಡಿ, ಆಮೇಲೆ ಅದೇ ಘಾತವನ್ನು ಕಳೆದರೆ 64 ಬಿಟ್‌ಗಳ ಲೆಕ್ಕದಲ್ಲಿ ಸೊನ್ನೆ ಬರುತ್ತದೆ, ಮೊದಲು ಕಳೆದು ಆಮೇಲೆ ಒಂದನ್ನು ಕೂಡಿದರೆ ಒಂದು ಬರುತ್ತದೆ. ಎಂಪಿಐಯಲ್ಲಿ ಪ್ರಕ್ರಿಯೆಗಳ ಸಂಖ್ಯೆ ಬದಲಾದರೆ ಮೊತ್ತ ಕೂಡುವ ಕ್ರಮ ಬದಲಾಗುತ್ತದೆ, ಕಂಪೈಲರ್ ಗುಣಾಕಾರ ಮತ್ತು ಸಂಕಲನಗಳನ್ನು ಒಂದೇ ಆದೇಶವಾಗಿ ಬೆಸೆದರೆ ಕೊನೆಯ ಅಂಕಿ ಬದಲಾಗುತ್ತದೆ, ಬಾಡಿಗೆಯ ರನ್ನರ್‌ಗಳಲ್ಲಿ (ಸಿಐ ಓಡುವ ಯಂತ್ರಗಳಲ್ಲಿ) ಇವತ್ತು ಒಂದು ಪ್ರೊಸೆಸರ್ ನಾಳೆ ಇನ್ನೊಂದು ಸಿಗುವುದರಿಂದ ಗಣಿತ ಲೈಬ್ರರಿ ಆರಿಸಿಕೊಳ್ಳುವ ದಾರಿಯೇ ಬೇರೆಯಾಗುತ್ತದೆ. ಪರೀಕ್ಷೆಯ ಸಹಿಷ್ಣುತೆಯನ್ನು, ಎಂದರೆ ಎಷ್ಟು ವ್ಯತ್ಯಾಸವನ್ನು ಒಪ್ಪಬಹುದೆಂಬ ಮಿತಿಯನ್ನು, ಯಾರೋ ತಮ್ಮ ಯಂತ್ರದಲ್ಲಿ ಪಾಸಾಗುವಷ್ಟಕ್ಕೆ ಇಟ್ಟಿದ್ದರೆ ಅದು ಮತ್ತೊಂದು ಯಂತ್ರದಲ್ಲಿ ಬೀಳುವುದು ಸಹಜ. ಸಮಸ್ಯೆಯ ಗಾತ್ರ ಮತ್ತು ಮ್ಯಾಟ್ರಿಕ್ಸ್‌ನ ಕಂಡಿಷನ್ ಸಂಖ್ಯೆಯನ್ನು (ಚಿಕ್ಕ ದೋಷ ಎಷ್ಟು ಹಿಗ್ಗಬಹುದೆಂಬ ಅಳತೆಯನ್ನು) ನೋಡಿ ಸಹಿಷ್ಣುತೆಯನ್ನು ಲೆಕ್ಕದಿಂದ ತೆಗೆದು, ಆ ಲೆಕ್ಕವನ್ನು ಪರೀಕ್ಷೆಯ ಪಕ್ಕದಲ್ಲೇ ಬರೆದಿಡುವುದು ಇದಕ್ಕೆ ಸರಿಯಾದ ಪರಿಹಾರ. ಯಾದೃಚ್ಛಿಕ ಸಂಖ್ಯೆಗಳನ್ನು ಬಳಸುವ ಕಡೆ ಅವು ಹುಟ್ಟುವ ಆರಂಭದ ಸಂಖ್ಯೆಯಾದ ಬೀಜವನ್ನು ಸ್ಥಿರಗೊಳಿಸಬೇಕು.

ಕೋರ್‌ಗಳ ಬಳಕೆಯಲ್ಲೂ ಒಂದು ಹಳೆಯ ತೊಡಕಿದೆ. ರನ್ನರ್‌ನಲ್ಲಿ 4 ಕೋರ್‌ಗಳಿದ್ದರೆ ಪೈಟೆಸ್ಟ್‌ಗೆ 4 ಕೆಲಸಗಾರ ಪ್ರಕ್ರಿಯೆಗಳನ್ನು ಕೊಡುತ್ತೇವೆ. ಪ್ರತಿ ಪ್ರಕ್ರಿಯೆಯ ಒಳಗೆ ಮ್ಯಾಟ್ರಿಕ್ಸ್ ಲೆಕ್ಕಗಳ ಓಪನ್‌ಬ್ಲಾಸ್ ಲೈಬ್ರರಿ ತಾನೊಬ್ಬನೇ ಯಂತ್ರದಲ್ಲಿರುವನೆಂದು ಭಾವಿಸಿ ಮತ್ತೆ 4 ಥ್ರೆಡ್‌ಗಳನ್ನು (ಒಟ್ಟಿಗೆ ಓಡುವ ಕೆಲಸದ ಎಳೆಗಳನ್ನು) ಹುಟ್ಟಿಸುತ್ತದೆ. ನಾಲ್ಕು ಕೋರ್‌ಗಳ ಮೇಲೆ ಹದಿನಾರು ಥ್ರೆಡ್‌ಗಳು ಒಂದನ್ನೊಂದು ತಳ್ಳುತ್ತಾ, ಸಮಾನಾಂತರವಾಗಿ ಓಡಿಸಿದ ಪರೀಕ್ಷೆಗಳು ಒಂದರ ಹಿಂದೆ ಒಂದು ಓಡಿಸಿದ್ದಕ್ಕಿಂತಲೂ ನಿಧಾನವಾಗುವುದುಂಟು. ಥ್ರೆಡ್‌ಗಳನ್ನು ನಡೆಸುವ ಓಪನ್‌ಎಂಪಿ ಮತ್ತು ಓಪನ್‌ಬ್ಲಾಸ್‌ಗಳ ಥ್ರೆಡ್ ಸಂಖ್ಯೆಯನ್ನು ಸಿಐಯ ಪರಿಸರದಲ್ಲಿ ಒಂದಕ್ಕೆ ಇಳಿಸಿದರೆ ಸಾಮಾನ್ಯವಾಗಿ ಇದು ಸರಿಹೋಗುತ್ತದೆ. ಥ್ರೆಡ್‌ಗಳನ್ನೇ ಪರೀಕ್ಷಿಸುವ ಕೆಲವನ್ನು ಬೇರೆ ಜಾಬ್‌ಗೆ ಸರಿಸಬೇಕು. ಎಂಪಿಐ ಓಟಗಳಲ್ಲಿಯೂ ಸಂದೇಶಕ್ಕಾಗಿ ಕಾಯುವ ಪ್ರಕ್ರಿಯೆ ಸುಮ್ಮನಿರದೆ ಕೋರನ್ನು ಪೂರ್ತಿ ಬಳಸುತ್ತಾ ಕಾಯಬಹುದಾದ್ದರಿಂದ, ಎರಡು ಕೋರ್‌ಗಳಲ್ಲಿ ಎಂಟು ಪ್ರಕ್ರಿಯೆಗಳನ್ನು ಓಡಿಸುವ ಪರೀಕ್ಷೆಯನ್ನು ಬರೆಯುವ ಮೊದಲು, ಮೂರು ಪ್ರಕ್ರಿಯೆಗಳಲ್ಲಿ ಅದೇ ತಪ್ಪು ಸಿಕ್ಕೀತೇ ಎಂದು ಯೋಚಿಸುವುದು ಒಳ್ಳೆಯದು. ಗಡಿ ಕೋಶಗಳ ವಿನಿಮಯದಲ್ಲಿ ಒಬ್ಬ ನೆರೆಯವನಿರುವ ಪ್ರಕ್ರಿಯೆ, ಇಬ್ಬರಿರುವ ಪ್ರಕ್ರಿಯೆ ಎರಡೂ ಮೂರರಲ್ಲೇ ಬಂದುಬಿಡುತ್ತವೆ.

ಇನ್ನು ಕಂಪೈಲ್. ಸಿ ಮತ್ತು ಸಿ ಪ್ಲಸ್ ಪ್ಲಸ್ ಕೋಡಿಗೆ ಸಿಕ್ಯಾಶ್ ಇದೆ, ಸಾಂಬಾ ಮತ್ತು ಆರ್‌ಸಿಂಕ್ ತಂತ್ರಾಂಶಗಳಿಂದ ಪ್ರಸಿದ್ಧರಾದ ಆಂಡ್ರ್ಯೂ ಟ್ರಿಡ್ಜೆಲ್ ಆರಂಭಿಸಿದ ಉಪಕರಣ. ಅದು ಮೂಲ ಕೋಡ್, ಹೆಡರ್‌ಗಳು, ಕಂಪೈಲರ್ ಮತ್ತು ಅದರ ಆಯ್ಕೆಗಳಿಂದ ಒಂದು ಹ್ಯಾಶ್, ಎಂದರೆ ಬೆರಳಚ್ಚಿನಂಥ ಗುರುತು, ಮಾಡಿ, ಹಿಂದೆ ಅದೇ ಹ್ಯಾಶ್‌ಗೆ ಹುಟ್ಟಿದ, ಕಂಪೈಲ್ ಆದ ಆಬ್ಜೆಕ್ಟ್ ಕಡತವಿದ್ದರೆ ಅದನ್ನೇ ಕೊಡುತ್ತದೆ. ಸಿಐಯಲ್ಲಿ ಮುಖ್ಯ ಶಾಖೆಯ ಓಟ ಮಾತ್ರ ಕ್ಯಾಶನ್ನು (ಇಂಥ ಕಡತಗಳ ಸಂಗ್ರಹವನ್ನು) ಉಳಿಸಿ, ಪುಲ್ ರಿಕ್ವೆಸ್ಟ್‌ಗಳು ಅದನ್ನು ಓದಿಕೊಂಡು ಹೋಗುವಂತೆ ಮಾಡಿದರೆ ಜಾಗ ತುಂಬುವುದಿಲ್ಲ. ಗಿಟ್‌ಹಬ್‌ನಲ್ಲಿ ಏಳು ದಿನ ಯಾರೂ ಮುಟ್ಟದ ಕ್ಯಾಶ್ ಅಳಿಸಿಹೋಗುವುದರಿಂದ, ಕೆಲಸ ವಿರಳವಾಗಿರುವ ಯೋಜನೆಗಳು ವಾರಕ್ಕೆರಡು ಸಲವಾದರೂ ಮುಖ್ಯ ಶಾಖೆಯನ್ನು ಬಿಲ್ಡ್ ಮಾಡುವಂತೆ ಗಡಿಯಾರ ಇಟ್ಟುಕೊಳ್ಳಬೇಕು.

ಫೋರ್ಟ್ರಾನ್‌ಗೆ ಸಿಕ್ಯಾಶ್ ಇಲ್ಲ, ಅಲ್ಲಿ ಕಷ್ಟವೂ ಬೇರೆ ಬಗೆಯದು. ಒಂದು ಮಾಡ್ಯೂಲ್ ಕಂಪೈಲ್ ಆದ ಮೇಲಷ್ಟೇ ಅದರ ವಿವರ ಕಡತ ಹುಟ್ಟುತ್ತದೆ, ಅದನ್ನು ಬಳಸುವ ಎಲ್ಲ ಕಡತಗಳೂ ಅಲ್ಲಿಯವರೆಗೆ ಕಾಯಬೇಕು. ಸ್ಥಿರಾಂಕಗಳನ್ನೂ ಸಾಮಾನ್ಯ ಉಪಕ್ರಮಗಳನ್ನೂ ಒಂದೇ ದೊಡ್ಡ ಮಾಡ್ಯೂಲಿನಲ್ಲಿ ತುಂಬಿ, ಅದನ್ನು ಎಲ್ಲೆಡೆ ಬಳಸುವ ಹಳೆಯ ಅಭ್ಯಾಸವಿರುವ ಕೋಡಿನಲ್ಲಿ 64 ಕೋರ್‌ಗಳ ಯಂತ್ರ ಕೊಟ್ಟರೂ ಬಹುಪಾಲು ಕೋರ್‌ಗಳು ಬಿಲ್ಡಿನ ಆರಂಭದಲ್ಲಿ ಸುಮ್ಮನೆ ಕುಳಿತಿರುತ್ತವೆ. ಆ ಮಾಡ್ಯೂಲನ್ನು ಒಡೆಯುವುದು, ಫೋರ್ಟ್ರಾನ್ 2008ರ ಸಬ್‌ಮಾಡ್ಯೂಲ್‌ಗಳಿಗೆ ಕಾರ್ಯಭಾಗವನ್ನು ಸರಿಸುವುದು ಬೇಸರದ ಕೆಲಸವಾದರೂ ಫಲ ದೊಡ್ಡದು, ಏಕೆಂದರೆ ಒಳಗಿನ ಲೆಕ್ಕ ಬದಲಾದಾಗ ಹೊರಗಿನ ಕಡತಗಳು ಮತ್ತೆ ಕಂಪೈಲ್ ಆಗಬೇಕಾಗಿಲ್ಲ. 2020ರಲ್ಲಿ ಬಂದ ನಿಂಜಾ 1.10 ಬಿಲ್ಡಿನ ನಡುವೆಯೇ ಪತ್ತೆಯಾಗುವ ಅವಲಂಬನೆಗಳನ್ನು ಒಪ್ಪಿಕೊಳ್ಳತೊಡಗಿದ ಮೇಲೆ ಫೋರ್ಟ್ರಾನ್ ಕೋಡನ್ನು ಅದರಲ್ಲಿ ಬಿಲ್ಡ್ ಮಾಡುವುದು ಸುಲಭವಾಗಿದೆ. ಸೈಪೈ 2022ರ 1.9.0 ಆವೃತ್ತಿಯಲ್ಲೂ ಪೈಥಾನ್‌ನ ಇನ್ನೊಂದು ಲೆಕ್ಕದ ಲೈಬ್ರರಿ ನಂಪೈ 2023ರ 1.26 ಆವೃತ್ತಿಯಲ್ಲೂ ಮೆಸನ್ ಎಂಬ ಬಿಲ್ಡ್ ವ್ಯವಸ್ಥೆಗೆ ಬದಲಾದವು. ಪೈಥಾನ್ 3.12ರಲ್ಲಿ ಹಳೆಯ ಬಿಲ್ಡ್ ಸಾಧನ ಡಿಸ್ಟ್‌ಯುಟಿಲ್ಸ್ ಇಲ್ಲವಾಗುವುದೇ ಅದಕ್ಕೆ ಒತ್ತಾಯವಾಗಿದ್ದರೂ, ಮೆಸನ್‌ನ ಬೆನ್ನಿಗಿರುವ ನಿಂಜಾ ಕೋರ್‌ಗಳನ್ನೆಲ್ಲ ಚೆನ್ನಾಗಿ ದುಡಿಸುವುದರಿಂದ ಬಿಲ್ಡಿನ ಹೊತ್ತಿಗೂ ಲಾಭವಾಯಿತು. ಎಂಟು ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ, ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದರ ನಡುವೆ ಬಿಲ್ಡ್ ಮಾಡುವ ನಮ್ಮ ಹುಡುಗರಿಗೆ ಇಂಥ ಬದಲಾವಣೆ ಸಿಐಯಷ್ಟೇ ಮನೆಯಲ್ಲೂ ನೆರವಾಗುತ್ತದೆ.

ಕ್ಯಾಶ್ ಮಾಡುವಾಗ ಒಂದು ಎಚ್ಚರಿಕೆ. ಇರುವ ಪ್ರೊಸೆಸರಿಗೆ ತಕ್ಕಂತೆ ಕೋಡ್ ಹುಟ್ಟಿಸು ಎಂಬ ಮಾರ್ಚ್ ನೇಟಿವ್ ಆಯ್ಕೆಯೊಡನೆ ಕಟ್ಟಿದ ಲೈಬ್ರರಿಯನ್ನು ಉಳಿಸಿಟ್ಟು, ಅದನ್ನು ಎವಿಎಕ್ಸ್ 512 ಎಂಬ ಪ್ರೊಸೆಸರ್ ಆದೇಶಗಳಿಲ್ಲದ ರನ್ನರ್‌ನಲ್ಲಿ ಓಡಿಸಿದರೆ ಪರೀಕ್ಷೆ ಅಮಾನ್ಯ ಆದೇಶದ ದೋಷದಿಂದ ಸಾಯುತ್ತದೆ, ಮರು ಓಟದಲ್ಲಿ ಬೇರೆ ಯಂತ್ರ ಸಿಕ್ಕಿದರೆ ಪಾಸಾಗುತ್ತದೆ. ಸಿಐಯಲ್ಲಿ ಸಾಮಾನ್ಯ ಮಟ್ಟದ ಪ್ರೊಸೆಸರನ್ನೇ ಗುರಿಯಾಗಿಡುವುದು ಕ್ಷೇಮ. ಅವಲಂಬನೆಗಳ ಮಟ್ಟದಲ್ಲಿ ಈ ಶಿಸ್ತನ್ನು ಸ್ಪ್ಯಾಕ್ ಚೆನ್ನಾಗಿ ತೋರಿಸಿಕೊಟ್ಟಿದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಪ್ಯಾಕೇಜ್ ವ್ಯವಸ್ಥೆಯಲ್ಲಿ ಕಂಪೈಲರ್, ಆಯ್ಕೆಗಳು, ಪ್ರೊಸೆಸರ್ ಕುಟುಂಬ, ಕೆಳಗಿನ ಎಲ್ಲ ಅವಲಂಬನೆಗಳು ಹ್ಯಾಶ್‌ನಲ್ಲಿ ಸೇರಿರುತ್ತವೆ, ಬದಲಾದದ್ದಷ್ಟೇ ಮತ್ತೆ ಕಟ್ಟಲ್ಪಡುತ್ತದೆ.

ಹಲವು ಆವೃತ್ತಿ, ಕಂಪೈಲರ್‌ಗಳ ಜೋಡಣೆಗಳಲ್ಲಿ ಓಡುವ ಮ್ಯಾಟ್ರಿಕ್ಸ್ ಜಾಬ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 4 ಪೈಥಾನ್ ಆವೃತ್ತಿ, 3 ಆಪರೇಟಿಂಗ್ ಸಿಸ್ಟಂ, 3 ಕಂಪೈಲರ್, 2 ಎಂಪಿಐ ಎಂದರೆ 72 ಜೋಡಣೆಗಳು. ಯಾವ ಎರಡು ಆಯ್ಕೆಗಳ ಜೋಡಿಯೂ ಒಮ್ಮೆಯಾದರೂ ಬಂದರೆ ಸಾಕು ಎಂದುಕೊಂಡರೆ 12 ಜಾಬ್‌ಗಳಲ್ಲಿ ಮುಗಿಯುತ್ತದೆ. ಪೈಥಾನ್ ಆವೃತ್ತಿಗಳನ್ನು ಬಿಡುಗಡೆಯಾಗಿ ಮೂರು ವರ್ಷಗಳಿಗೆ, ಮುಖ್ಯ ಅವಲಂಬನೆಗಳನ್ನು ಎರಡು ವರ್ಷಗಳಿಗೆ ಕೈಬಿಡಬಹುದೆಂದು ಸೈಂಟಿಫಿಕ್ ಪೈಥಾನ್ ಸಮುದಾಯದ ಸ್ಪೆಕ್ 0 ಶಿಫಾರಸು ಹೇಳುತ್ತದೆ. ಅದನ್ನು ಪಾಲಿಸಿದರೆ ಪಟ್ಟಿ ತಾನಾಗಿ ಗಿಡ್ಡವಾಗುತ್ತದೆ.

ಉಳಿದ ಜಾಬ್‌ಗಳಿಗೂ ಒಂದು ಕ್ರಮ ಬೇಕು. ಕೋಡ್ ಶೈಲಿಯ ತಪಾಸಣೆ ಮತ್ತು ಒಂದೇ ಒಂದು ವೇಗದ ಬಿಲ್ಡ್ ಮೊದಲು ಪಾಸಾಗಲಿ, ಆಮೇಲೆ ಮಿಕ್ಕವು ಏಳಲಿ. ಅದೇ ಪುಲ್ ರಿಕ್ವೆಸ್ಟ್‌ಗೆ ಹೊಸ ಕಮಿಟ್ (ದಾಖಲಾದ ಬದಲಾವಣೆ) ಬಂದರೆ ಹಳೆಯ ಓಟ ರದ್ದಾಗಲಿ. ಮಲ್ಪೆಯಲ್ಲಿ ಬಲೆ ಸರಿಮಾಡುವವರು ಹಿಂದೆ ಹರಿದ ಕಡೆಗೇ ಮೊದಲು ಕೈಹಾಕುವಂತೆ, ಹಿಂದಿನ ಸಲ ಬಿದ್ದ ಪರೀಕ್ಷೆಗಳನ್ನು ಮೊದಲು ಓಡಿಸುವ ಆಯ್ಕೆ ಪೈಟೆಸ್ಟ್‌ನಲ್ಲಿದೆ, ಅದರ ನೆನಪಿನ ಕಡತವನ್ನು ಓಟದಿಂದ ಓಟಕ್ಕೆ ಉಳಿಸಿಕೊಂಡರೆ ಸಾಕು. ದಾಖಲೆಗಳನ್ನಷ್ಟೇ ತಿದ್ದಿದಾಗ ಬಿಲ್ಡ್ ಬೇಡವೆಂದು ಕಡತಗಳ ದಾರಿ ನೋಡಿ ಇಡೀ ವರ್ಕ್‌ಫ್ಲೋವನ್ನು (ಜಾಬ್‌ಗಳ ಸರಣಿಯನ್ನು) ಬಿಟ್ಟುಬಿಡುವವರು ಒಂದನ್ನು ಗಮನಿಸಬೇಕು: ಗಿಟ್‌ಹಬ್‌ನಲ್ಲಿ ಆ ತಪಾಸಣೆ ಕಡ್ಡಾಯವೆಂದು ಗುರುತಾಗಿದ್ದರೆ, ಓಡದೇ ಉಳಿದ ವರ್ಕ್‌ಫ್ಲೋ ಬಾಕಿ ಎಂದೇ ತೋರುತ್ತಾ ಬದಲಾವಣೆಯನ್ನು ಮುಖ್ಯ ಶಾಖೆಗೆ ಮರ್ಜ್ ಆಗಗೊಡುವುದಿಲ್ಲ. ವರ್ಕ್‌ಫ್ಲೋ ಆರಂಭವಾಗಿ, ಒಳಗಿನ ಜಾಬ್ ಷರತ್ತಿನ ಮೇಲೆ ಬಿಟ್ಟುಹೋಗುವಂತೆ ಬರೆದರೆ ಅದು ಯಶಸ್ಸೆಂದೇ ಎಣಿಕೆಯಾಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಸುಮ್ಮನಿರುವ ಸರ್ವರನ್ನು ರನ್ನರ್ ಮಾಡಿಕೊಳ್ಳೋಣ ಎಂಬ ಸಲಹೆ ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಸಾರ್ವಜನಿಕ ಯೋಜನೆಗೆ ಇದನ್ನು ನಾನು ಒಪ್ಪುವುದಿಲ್ಲ. ಪುಲ್ ರಿಕ್ವೆಸ್ಟ್ ಎಂದರೆ ಅಪರಿಚಿತರ ಕೋಡ್ ಆ ಯಂತ್ರದ ಮೇಲೆ ಓಡುವುದು, ಆ ಯಂತ್ರ ಕಾಲೇಜಿನ ಒಳಜಾಲದಲ್ಲಿರುತ್ತದೆ. ಗಿಟ್‌ಹಬ್ ಕೂಡ ಸಾರ್ವಜನಿಕ ರೆಪೊಸಿಟರಿಗಳಿಗೆ ಸ್ವಂತ ರನ್ನರ್ ಬೇಡವೆಂದೇ ಸಲಹೆ ಕೊಡುತ್ತದೆ. ರಾತ್ರಿಯ ಪೂರ್ಣ ಓಟವನ್ನು, ಈಗಾಗಲೇ ಪರಿಶೀಲನೆಯಾಗಿ ಮುಖ್ಯ ಶಾಖೆ ಸೇರಿದ ಕೋಡಿನ ಮೇಲೆ ಮಾತ್ರ, ಕಾಲೇಜಿನ ಯಂತ್ರವೇ ತನ್ನ ವೇಳಾಪಟ್ಟಿಯಂತೆ ಎಳೆದುಕೊಂಡು ಓಡಿಸುವುದಾದರೆ ಆ ಸರ್ವರ್‌ಗೆ ಒಳ್ಳೆಯ ಉಪಯೋಗ. ಬಾಡಿಗೆಯ ರನ್ನರ್‌ನಲ್ಲಿ ಒಂದು ಜಾಬ್‌ಗಿರುವ ಆರು ಗಂಟೆಗಳ ಮಿತಿಯೂ ಆಗ ಅಡ್ಡ ಬರುವುದಿಲ್ಲ.

ಆ ರಾತ್ರಿಯ ಓಟಕ್ಕೆ ಹೊಣೆಗಾರರೊಬ್ಬರು ಇರಲೇಬೇಕು. ಬಿದ್ದ ಓಟ ತಾನಾಗಿ ಒಂದು ಇಶ್ಯೂ (ದೋಷದ ವರದಿ) ತೆರೆದು, ಹಿಂದಿನ ಹಸಿರು ಕಮಿಟ್‌ನಿಂದ ಈಚೆಗಿನ ಬದಲಾವಣೆಗಳ ಪಟ್ಟಿಯನ್ನು ಅದರಲ್ಲಿ ಬರೆಯಬೇಕು. ಒಂದು ದಿನದಲ್ಲಿ 30 ಬದಲಾವಣೆಗಳು ಸೇರಿದ್ದರೂ ಪಟ್ಟಿಯನ್ನು ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹುಡುಕುವ ಗಿಟ್ ಬೈಸೆಕ್ಟ್ ಐದು ಹೆಜ್ಜೆಗಳಲ್ಲಿ ಕಾರಣವಾದ ಒಂದನ್ನು ತೋರಿಸುತ್ತದೆ. ತಪ್ಪು ತಿದ್ದಿದ ಪುಲ್ ರಿಕ್ವೆಸ್ಟ್‌ನಲ್ಲಿಯೇ ಅದನ್ನು ಹಿಡಿಯಬಲ್ಲ ಅತಿ ಚಿಕ್ಕ ಜಾಲರಿಯ ಪರೀಕ್ಷೆಯೊಂದು ಇರಬೇಕೆಂದು ನಾವು ಪರಿಶೀಲನೆಯಲ್ಲಿ ಕೇಳುತ್ತೇವೆ. ಅಳಿವೆಬಾಗಿಲಿನ ಓಟದಲ್ಲಿ ಒಮ್ಮೆ ಸಿಕ್ಕ ತಪ್ಪು ಮುಂದಿನ ಸಲ 50 ಕೋಶಗಳ ಕೊಳದಲ್ಲೇ, ಕೋಡ್ ಕಳುಹಿಸಿದವರು ಇನ್ನೂ ಎಚ್ಚರವಿರುವಾಗಲೇ ಸಿಗುವುದಕ್ಕೆ ನಮಗೆ ಗೊತ್ತಿರುವ ದಾರಿ ಇದು.